ರದ್ದಾದ ಪ್ರಯಾಣ, ಹಿಂದಿರುಗುವ ಹಣ

ಮನುಷ್ಯನು ನಿಶ್ಚಯಿಸಿದ ಪ್ರಯಾಣಗಳೆಲ್ಲವೂ ನೆರವೇರುವುದಿಲ್ಲ. ಹೊರಡುವ ಮುನ್ನಾದಿನ ಮನೆಯ ಹಿರಿಯರು ಹಾಸಿಗೆ ಹಿಡಿಯುತ್ತಾರೆ. ಗೊತ್ತಾದ ಮದುವೆಯ ಮುಹೂರ್ತ ಮುಂದಕ್ಕೆ ಹೋಗುತ್ತದೆ. ಪರೀಕ್ಷೆಯ ದಿನಾಂಕ ಬದಲಾಗುತ್ತದೆ. ಕೆಲವೊಮ್ಮೆ ಮಳೆ ಮಂಜುಗಳು ಕವಿದು ವಿಮಾನವೇ ನೆಲಬಿಟ್ಟು ಏಳುವುದಿಲ್ಲ. ಪ್ರಯಾಣವೇನೋ ನಿಂತಿತು. ಆದರೆ ಅದಕ್ಕಾಗಿ ಮುಂಗಡವಾಗಿ ತೆತ್ತ ಹಣದ ಗತಿ ಏನು? ಅದರಲ್ಲಿ ಎಷ್ಟು ಹಿಂದಿರುಗಬೇಕು? ಎಷ್ಟನ್ನು ವಿಮಾನಯಾನ ಸಂಸ್ಥೆಯು ಇಟ್ಟುಕೊಳ್ಳಬಹುದು? ಈ ಪ್ರಶ್ನೆಗಳಿಗೆ ಉತ್ತರ ತಿಳಿದಿರುವವರು ವಿರಳ. ತಿಳಿಯದುದರಿಂದಲೇ ಅನೇಕರು ತಮಗೆ ನ್ಯಾಯವಾಗಿ ಬರಬೇಕಾದ ಹಣವನ್ನು ಕೇಳದೆಯೇ ಸುಮ್ಮನಾಗುತ್ತಾರೆ.

ಈ ಮಾತು ದಕ್ಷಿಣ ಕನ್ನಡ ಜಿಲ್ಲೆಯ ಜನರಿಗೆ ವಿಶೇಷವಾಗಿ ಸಲ್ಲುತ್ತದೆ. ನೇತ್ರಾವತಿಯ ದಡದಲ್ಲಿರುವ ಬಂಟ್ವಾಳ, ಪಶ್ಚಿಮ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ, ಸಾವಿರ ಕಂಬದ ಬಸದಿಯಿಂದ ಪ್ರಸಿದ್ಧವಾದ ಮೂಡುಬಿದಿರೆ, ಈ ಮೂರು ಊರುಗಳ ಜನರೂ ಬಹುಕಾಲದಿಂದ ದೂರದೂರಿಗೆ ದುಡಿಯಲು, ಓದಲು ಹೋದವರೇ. ಮುಂಬಯಿಯ ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ, ಬೆಂಗಳೂರಿನ ಕಚೇರಿಗಳಲ್ಲಿ ಈ ಊರುಗಳ ಮಕ್ಕಳಿದ್ದಾರೆ. ಹಿಂದೆ ಮುಂಬಯಿಗೆ ಹೋಗುವವರು ಹಡಗನ್ನೋ ದೀರ್ಘ ಪ್ರಯಾಣದ ಬಸ್ಸನ್ನೋ ಆಶ್ರಯಿಸುತ್ತಿದ್ದರು. ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದುದು 1998ರಲ್ಲಿ. ಬೆಂಗಳೂರಿಗೆ ಹೋಗಬೇಕಾದರೆ ಶಿರಾಡಿ ಅಥವಾ ಚಾರ್ಮಾಡಿ ಘಟ್ಟವನ್ನೇರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಗಳು ಮುಚ್ಚುತ್ತವೆ. ಹೀಗಿರಲು, ಅವಸರದ ಕಾರ್ಯವುಳ್ಳವರಿಗೆ ಬಜಪೆಯ ವಿಮಾನ ನಿಲ್ದಾಣವೇ ಗತಿ.

ಬಜಪೆಯ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ನಿರ್ಮಿಸಿದ ಆ ನಿಲ್ದಾಣಕ್ಕೆ 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದರು. ಆಗ ವಿಮಾನವೆಂಬುದು ಸಿರಿವಂತರ ವಾಹನವಾಗಿತ್ತು. ಸಾಮಾನ್ಯರು ಅದನ್ನು ತಲೆಯೆತ್ತಿ ನೋಡುತ್ತಿದ್ದರೇ ಹೊರತು ಅದರೊಳಗೆ ಕುಳಿತುಕೊಳ್ಳುವ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಇಂದು ಅಡಕೆ ತೋಟದ ಕೃಷಿಕರೂ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರೂ ಅದರಲ್ಲಿ ಪ್ರಯಾಣಿಸುತ್ತಾರೆ. ವಾಹನವು ಸಾಮಾನ್ಯರದಾಯಿತು, ಆದರೆ ಅದರ ಕರಾರಿನ ತಿಳಿವಳಿಕೆ ಇನ್ನೂ ಸಾಮಾನ್ಯರದಾಗಿಲ್ಲ.

ಟಿಕೆಟು ಎಂದರೇನು?

ಟಿಕೆಟು ಕೇವಲ ಒಂದು ಚೀಟಿಯಲ್ಲ. ಅದು ಒಂದು ಕರಾರು. ಇಂತಹ ದಿನ, ಇಂತಹ ಹೊತ್ತಿಗೆ, ಇಂತಹ ಊರಿಗೆ ಕರೆದೊಯ್ಯುತ್ತೇನೆಂದು ಸಂಸ್ಥೆಯು ಮಾತು ಕೊಡುತ್ತದೆ. ಆ ಮಾತಿಗೆ ಪ್ರತಿಯಾಗಿ ಪ್ರಯಾಣಿಕನು ಹಣ ಕೊಡುತ್ತಾನೆ. ಕರಾರುಗಳು ತುಳುನಾಡಿನ ಜನರಿಗೆ ಹೊಸತಲ್ಲ. ಹರಕೆಯ ಯಕ್ಷಗಾನ ಬಯಲಾಟವಾಡಿಸುವವರು ಬಹಳ ಮುಂಚಿತವಾಗಿ ಮೇಳದವರಲ್ಲಿ ದಿನ ಗೊತ್ತುಮಾಡುತ್ತಾರೆ. ಮದುವೆಯ ಮನೆಯವರು ಸಭಾಭವನಕ್ಕೆ ಮುಂಗಡ ಕೊಡುತ್ತಾರೆ. ದಿನ ತಪ್ಪಿದರೆ ಮುಂಗಡದ ಗತಿ ಏನೆಂಬುದನ್ನು ಹಿರಿಯರು ಮೊದಲೇ ಮಾತನಾಡಿಕೊಳ್ಳುತ್ತಾರೆ. ವಿಮಾನದ ಟಿಕೆಟೂ ಅಂತಹದೇ. ವ್ಯತ್ಯಾಸವೆಂದರೆ, ಇಲ್ಲಿ ಮಾತುಕತೆ ನಡೆಯುವುದಿಲ್ಲ. ಸಂಸ್ಥೆಯು ಮೊದಲೇ ಅಚ್ಚುಮಾಡಿಟ್ಟ ಷರತ್ತುಗಳಿಗೆ ಕೊಳ್ಳುವವನು ಒಪ್ಪಿಗೆಯನ್ನಷ್ಟೇ ಸೂಚಿಸುತ್ತಾನೆ. ಆದುದರಿಂದ ಒಪ್ಪುವ ಮೊದಲು ಓದುವುದು ಮಿಕ್ಕೆಲ್ಲ ಕರಾರುಗಳಿಗಿಂತ ಇಲ್ಲಿ ಹೆಚ್ಚು ಅಗತ್ಯ.

1872ರ ಭಾರತೀಯ ಕರಾರು ಅಧಿನಿಯಮವು ಒಂದು ಮುಖ್ಯ ತತ್ತ್ವವನ್ನು ಹೇಳುತ್ತದೆ. ಕರಾರನ್ನು ಮುರಿದವನು ತೆರಬೇಕಾದ ಮೊತ್ತವನ್ನು ಕರಾರಿನಲ್ಲೇ ಬರೆದಿದ್ದರೂ, ಎದುರು ಪಕ್ಷಕ್ಕೆ ದೊರೆಯತಕ್ಕುದು ಆ ಮೊತ್ತವನ್ನು ಮೀರದ ಯುಕ್ತ ಪರಿಹಾರವೇ ಹೊರತು ಮನಬಂದಷ್ಟು ದಂಡವಲ್ಲ. ಇದು ಆ ಅಧಿನಿಯಮದ 74ನೆಯ ಪ್ರಕರಣದ ಸಾರ. ರದ್ದತಿ ಶುಲ್ಕವನ್ನು ಅರ್ಥಮಾಡಿಕೊಳ್ಳಲು ಈ ತತ್ತ್ವವೇ ಕೀಲಿಕೈ.

ಶುಲ್ಕ ಏಕೆ?

ಪ್ರಯಾಣಿಕನು ವಿಮಾನವನ್ನು ಏರಲೇ ಇಲ್ಲ. ಸಂಸ್ಥೆಗೆ ಅವನಿಂದ ಖರ್ಚೂ ಆಗಲಿಲ್ಲ. ಹೀಗಿದ್ದೂ ಅದು ಹಣ ಹಿಡಿದುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವನ್ನು ಕರಾವಳಿಯ ಎರಡು ಬೆಳೆಗಳಲ್ಲಿ ಕಾಣಬಹುದು. ಬೆಳ್ತಂಗಡಿಯ ಕೃಷಿಕನು ಅಡಕೆಯನ್ನು ಒಣಗಿಸಿ ಸುಲಿದು ಮನೆಯಲ್ಲಿ ಕಾಪಿಡಬಲ್ಲನು. ಈ ತಿಂಗಳು ಧಾರಣೆ ಇಳಿದಿದ್ದರೆ ಮುಂದಿನ ತಿಂಗಳು ಮಾರಿಯಾನು. ಆದರೆ ಮಲ್ಲಿಗೆ ಕಟ್ಟಿ ಮಾರುವವರಿಗೆ ಆ ಅವಕಾಶವಿಲ್ಲ. ಇಂದಿನ ಮೊಗ್ಗನ್ನು ಇಂದೇ ಮಾರಬೇಕು. ನಾಳೆಗೆ ಅದು ಬಾಡಿದ ಹೂ. ವಿಮಾನದ ಆಸನವು ಅಡಕೆಯಂತಲ್ಲ, ಮಲ್ಲಿಗೆಯಂತೆ. ವಿಮಾನವು ಬಾಗಿಲು ಮುಚ್ಚಿ ಓಡುದಾರಿಗೆ ಸರಿಯಿತೆಂದರೆ ಖಾಲಿಯುಳಿದ ಆಸನದ ಬೆಲೆ ಶೂನ್ಯ. ಅದನ್ನು ಮರುದಿನಕ್ಕೆ ಎತ್ತಿಡಲು ಬಾರದು. ಆದರೂ ಇಂಧನ, ಸಿಬ್ಬಂದಿಯ ಸಂಬಳ, ನಿಲ್ದಾಣದ ಬಾಡಿಗೆ ಇವುಗಳ ಬಹುಪಾಲು ಖರ್ಚು ನಡೆದೇ ತೀರುತ್ತದೆ.

ಆದುದರಿಂದ ಕೊನೆಯ ಗಳಿಗೆಯಲ್ಲಿ ರದ್ದುಪಡಿಸುವವನಿಂದ ಸಂಸ್ಥೆಗೆ ನಷ್ಟವಾಗುವುದು ನಿಜ. ಒಂದು ತಿಂಗಳು ಮೊದಲೇ ರದ್ದುಪಡಿಸಿದವನ ಆಸನವನ್ನು ಬೇರೆಯವರಿಗೆ ಮಾರಬಹುದೆಂಬುದೂ ಅಷ್ಟೇ ನಿಜ. ಅನೇಕ ಸಂಸ್ಥೆಗಳು ಹೊರಡುವ ದಿನ ಹತ್ತಿರವಾದಂತೆ ಶುಲ್ಕವನ್ನು ಏರಿಸುವುದಕ್ಕೆ ಇದೇ ಕಾರಣ. ನಷ್ಟಕ್ಕೆ ತಕ್ಕ ಶುಲ್ಕ ನ್ಯಾಯ. ನಷ್ಟವನ್ನು ಮೀರಿದ ಶುಲ್ಕ ಲೋಭ. ಇವೆರಡರ ನಡುವಣ ಗೆರೆಯನ್ನು ಎಳೆಯುವುದು ನಿಯಮಗಳ ಕೆಲಸ.

ದರಗಳು ಹಲವಾದ ಬಗೆ

ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಬೇರೆ ಬೇರೆ ಬೆಲೆ ತೆತ್ತಿರುವುದು ಇಂದು ಸಾಮಾನ್ಯ. ಅವರ ಮರುಪಾವತಿಯ ಷರತ್ತುಗಳೂ ಬೇರೆಯಾಗಿರಬಹುದು. ಇದಕ್ಕೊಂದು ಚರಿತ್ರೆಯಿದೆ. 1953ರ ವಾಯುನಿಗಮಗಳ ಅಧಿನಿಯಮದಿಂದ ದೇಶದ ವಿಮಾನಯಾನವು ರಾಷ್ಟ್ರೀಕರಣಗೊಂಡಿತು. ದೇಶದೊಳಗಿನ ಹಾರಾಟಗಳನ್ನು ಇಂಡಿಯನ್ ಏರ್‌ಲೈನ್ಸ್ ನಿಗಮಕ್ಕೆ ಒಪ್ಪಿಸಲಾಯಿತು. 1994ರಲ್ಲಿ ಆ ಅಧಿನಿಯಮವು ರದ್ದಾಯಿತು. ಖಾಸಗಿ ಸಂಸ್ಥೆಗಳಿಗೆ ದಾರಿ ತೆರೆಯಿತು. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ, ಕಡಮೆ ದರದಲ್ಲಿ ಸಾಮಾನ್ಯರನ್ನೂ ವಿಮಾನವೇರಿಸುವ ಪದ್ಧತಿಯನ್ನು ಈ ದೇಶದಲ್ಲಿ ಬಳಕೆಗೆ ತಂದರು.

ಕಡಮೆ ದರವು ಜನರಿಗೆ ದೊಡ್ಡ ಉಪಕಾರವನ್ನೇ ಮಾಡಿತು. ಆದರೆ ಅಗ್ಗದ ಟಿಕೆಟಿನ ಷರತ್ತುಗಳು ಬಿಗಿಯಾದುವು. ಮುಂಗಡವಾಗಿ ಹಣ ಕೊಟ್ಟು, ರದ್ದುಪಡಿಸುವ ಸ್ವಾತಂತ್ರ್ಯವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟವನಿಗೆ ಅಗ್ಗದ ದರ. ಆ ಸ್ವಾತಂತ್ರ್ಯ ಬೇಕೆನ್ನುವವನಿಗೆ ಹೆಚ್ಚಿನ ದರ. ಅಂದರೆ, ರದ್ದುಪಡಿಸುವ ಹಕ್ಕಿಗೂ ಒಂದು ಬೆಲೆಯಿದೆ. ಅದು ಟಿಕೆಟಿನ ಬೆಲೆಯೊಳಗೇ ಅಡಗಿದೆ. ಹೋಗುವುದು ಖಚಿತವಾಗಿದ್ದರೆ ಅಗ್ಗದ ಟಿಕೆಟು ಜಾಣತನ. ಅನಿಶ್ಚಿತವಾಗಿದ್ದರೆ ಅದೇ ಟಿಕೆಟು ದುಬಾರಿಯಾಗಬಹುದು.

ಹಣದ ಮೂರು ಪಾಲು

ಟಿಕೆಟಿಗೆ ತೆತ್ತ ಮೊತ್ತವು ಒಂದೇ ಇಡಿಗಂಟಲ್ಲ. ಅದರಲ್ಲಿ ಮುಖ್ಯವಾಗಿ ಮೂರು ಪಾಲುಗಳಿವೆ. ಮೊದಲನೆಯದು ಮೂಲದರ ಮತ್ತು ಇಂಧನದ ಹೆಚ್ಚುವರಿ ಶುಲ್ಕ. ಇದು ಸಂಸ್ಥೆಗೆ ಸೇರತಕ್ಕುದು. ಎರಡನೆಯದು ಸರಕಾರಕ್ಕೆ ಸಲ್ಲುವ ತೆರಿಗೆಗಳು ಮತ್ತು ನಿಲ್ದಾಣಕ್ಕೆ ಸಲ್ಲುವ ಬಳಕೆದಾರರ ಅಭಿವೃದ್ಧಿ ಶುಲ್ಕ. ಇದನ್ನು ಸಂಸ್ಥೆಯು ಸಂಗ್ರಹಿಸಿ ದಾಟಿಸುತ್ತದೆ, ಅಷ್ಟೇ. ಮೂರನೆಯದು ಟಿಕೆಟು ಮಾರುವವರು ಸೇರಿಸುವ ಸೌಕರ್ಯ ಶುಲ್ಕದಂತಹ ಚಿಲ್ಲರೆ ಬಾಬ್ತುಗಳು. ಇವು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಭಾರತದಲ್ಲಿ ವಿಮಾನಯಾನದ ಮೇಲ್ವಿಚಾರಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಅದು ಮರುಪಾವತಿಯ ಬಗ್ಗೆ 2008ರಲ್ಲಿ ನಿಯಮಗಳನ್ನು ಹೊರಡಿಸಿತು; ಅವುಗಳ ಪರಿಷ್ಕೃತ ರೂಪವು 2016ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಆ ಪರಿಷ್ಕರಣೆಯಲ್ಲಿ ಎರಡು ಮಾತುಗಳು ಮುಖ್ಯ. ಒಂದು, ರದ್ದತಿ ಶುಲ್ಕವು ಯಾವ ಸಂದರ್ಭದಲ್ಲೂ ಮೂಲದರ ಮತ್ತು ಇಂಧನ ಶುಲ್ಕಗಳ ಮೊತ್ತವನ್ನು ಮೀರಕೂಡದು. ಎರಡು, ಟಿಕೆಟನ್ನು ರದ್ದುಪಡಿಸಿದರೂ, ಬಳಸದೆ ಬಿಟ್ಟರೂ, ಹೊತ್ತಿಗೆ ಸರಿಯಾಗಿ ನಿಲ್ದಾಣವನ್ನು ತಲಪದೆ ವಿಮಾನ ತಪ್ಪಿದರೂ, ತೆರಿಗೆಗಳನ್ನೂ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನೂ ಪ್ರಯಾಣಿಕನಿಗೆ ಹಿಂದಿರುಗಿಸಬೇಕು. ಮೂಲದರ ಹಿಂದಿರುಗುವುದಿಲ್ಲವೆಂಬ ಷರತ್ತಿನ ಮೇಲೆ ಮಾರಿದ ಅಗ್ಗದ ಟಿಕೆಟಿಗೂ ಈ ನಿಯಮ ಅನ್ವಯಿಸುತ್ತದೆ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬಂಟ್ವಾಳದ ಒಂದು ಕುಟುಂಬದ ನಾಲ್ವರು ಮುಂಬಯಿಗೆ ಹೋಗಲು ತಲಾ 5,400 ರೂಪಾಯಿಗಳ ಟಿಕೆಟು ಕೊಂಡರೆಂದು ಭಾವಿಸೋಣ. ಅದರಲ್ಲಿ ಮೂಲದರ ಮತ್ತು ಇಂಧನ ಶುಲ್ಕ 4,200 ರೂಪಾಯಿ. ತೆರಿಗೆ ಮತ್ತು ನಿಲ್ದಾಣದ ಶುಲ್ಕ 1,200 ರೂಪಾಯಿ. ಅನಿವಾರ್ಯ ಕಾರಣದಿಂದ ಅವರು ಪ್ರಯಾಣವನ್ನು ಕೈಬಿಟ್ಟರು. ಸಂಸ್ಥೆಯ ಪಟ್ಟಿಯಲ್ಲಿ ರದ್ದತಿ ಶುಲ್ಕ 4,500 ರೂಪಾಯಿ ಎಂದಿದೆ. ಆದರೆ ನಿಯಮದಂತೆ ಅದು 4,200ನ್ನು ಮೀರುವಂತಿಲ್ಲ. ಆದುದರಿಂದ ತಲಾ 1,200ರಂತೆ ನಾಲ್ವರಿಗೆ 4,800 ರೂಪಾಯಿ ಹಿಂದಿರುಗಬೇಕು. "ಅಗ್ಗದ ಟಿಕೆಟು, ಏನೂ ಬರುವುದಿಲ್ಲ" ಎಂದು ತಾವೇ ತೀರ್ಮಾನಿಸಿ ಅವರು ರದ್ದತಿಯ ಕೋರಿಕೆಯನ್ನೂ ಸಲ್ಲಿಸದೆ ಕುಳಿತರೆ ಆ ಹಣ ಕೈತಪ್ಪಬಹುದು. ಬೀಡಿ ಸುತ್ತಿ ಬದುಕುವ ಮನೆಗೆ 4,800 ರೂಪಾಯಿ ಹಲವು ದಿನಗಳ ದುಡಿಮೆ. ಅದು ಯಾರ ದಯೆಯೂ ಅಲ್ಲ, ಅವರದೇ ಹಣ.

ಮರು ಯೋಚನೆಗೆ ಅವಕಾಶ

ಅವಸರದಲ್ಲಿ ಮಾಡಿದ ಕೆಲಸದಲ್ಲಿ ತಪ್ಪುಗಳು ಸಹಜ. ದಿನಾಂಕ ತಪ್ಪಾಗಬಹುದು, ಹೆಸರಿನ ಅಕ್ಷರ ಬಿಟ್ಟುಹೋಗಬಹುದು. ಇದನ್ನರಿತು 2019ರ ಪ್ರಯಾಣಿಕರ ಸನ್ನದು ಒಂದು ಅನುಕೂಲವನ್ನು ಕಲ್ಪಿಸಿತು. ಟಿಕೆಟು ಕೊಂಡ 24 ಗಂಟೆಗಳೊಳಗೆ ಅದನ್ನು ಶುಲ್ಕವಿಲ್ಲದೆ ರದ್ದುಪಡಿಸಲು ಅಥವಾ ಬದಲಾಯಿಸಲು ಅವಕಾಶ ದೊರೆಯಿತು. ಬದಲಾಯಿಸಿದಾಗ ಹೊಸ ಹಾರಾಟದ ದರದಲ್ಲಿ ವ್ಯತ್ಯಾಸವಿದ್ದರೆ ಅದನ್ನು ಮಾತ್ರ ತೆರಬೇಕು. ಆದರೆ ಹೊರಡುವ ದಿನಕ್ಕೆ ಏಳು ದಿನಗಳಿಗಿಂತ ಕಡಮೆ ಉಳಿದಿದ್ದರೆ ಈ ಅನುಕೂಲವಿಲ್ಲ. 2025ರ ನವೆಂಬರಿನಲ್ಲಿ ಮಹಾನಿರ್ದೇಶನಾಲಯವು ಪ್ರಕಟಿಸಿದ ಕರಡಿನಲ್ಲಿ ಈ 24 ಗಂಟೆಗಳನ್ನು 48ಕ್ಕೆ ಏರಿಸುವ ಪ್ರಸ್ತಾಪವಿತ್ತು. ಗಂಟೆಗಳ, ದಿನಗಳ ಇಂತಹ ಲೆಕ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳತಕ್ಕವು. ಆದುದರಿಂದ ಟಿಕೆಟು ಕೊಳ್ಳುವ ದಿನ ಜಾರಿಯಲ್ಲಿರುವ ನಿಯಮವನ್ನು ನೋಡಿಕೊಳ್ಳುವುದು ಲೇಸು. ಟಿಕೆಟು ಕೈಸೇರಿದ ಕೂಡಲೇ ಅದನ್ನು ಮಡಿಚಿಡದೆ, ಹೆಸರು, ದಿನ, ಹೊತ್ತು, ಊರುಗಳನ್ನು ಒಮ್ಮೆ ಓದಿನೋಡಬೇಕೆಂಬ ಪಾಠವಾದರೋ ಎಂದಿಗೂ ಬದಲಾಗದು.

ಏಜೆಂಟರ ಮೂಲಕ ಕೊಂಡಾಗ

ಮೂಡುಬಿದಿರೆಯು ವಿದ್ಯಾಸಂಸ್ಥೆಗಳ ಊರು. ದೂರದ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ರಜೆ ಬಂದಾಗ ಇಂತಹವರಲ್ಲಿ ಕೆಲವರು ಪೇಟೆಯ ಏಜೆಂಟರಲ್ಲಿ ಟಿಕೆಟು ಮಾಡಿಸುವುದುಂಟು. ಪ್ರಯಾಣ ರದ್ದಾದಾಗ ಏಜೆಂಟರು "ಸಂಸ್ಥೆಯಿಂದ ಬಂದಿಲ್ಲ" ಎನ್ನುವುದು, ಸಂಸ್ಥೆಯವರು "ಏಜೆಂಟರನ್ನು ಕೇಳಿ" ಎನ್ನುವುದು ಹೊಸತೇನಲ್ಲ. ಇಬ್ಬರ ನಡುವೆ ಪ್ರಯಾಣಿಕನು ಚೆಂಡಾಗುತ್ತಾನೆ. ಇದನ್ನು ತಪ್ಪಿಸಲೆಂದೇ 2016ರ ನಿಯಮವು ಸ್ಪಷ್ಟವಾಗಿ ಹೇಳಿತು: ಏಜೆಂಟನು ಸಂಸ್ಥೆಯ ಪ್ರತಿನಿಧಿ, ಆದುದರಿಂದ ಮರುಪಾವತಿಯ ಹೊಣೆ ಸಂಸ್ಥೆಯದೇ. ಹಣ ಹಿಂದಿರುಗಿಸಲು ಅದು ಅವಧಿಯನ್ನೂ ಗೊತ್ತುಮಾಡಿತು. ಕ್ರೆಡಿಟ್ ಕಾರ್ಡಿನಿಂದ ಕೊಂಡಿದ್ದರೆ ಏಳು ದಿನ. ಸಂಸ್ಥೆಯ ಕಚೇರಿಯಲ್ಲಿ ನಗದು ಕೊಟ್ಟಿದ್ದರೆ ಕೂಡಲೇ. ಏಜೆಂಟರ ಮೂಲಕವಾದರೆ 30 ಕೆಲಸದ ದಿನಗಳು. ಮರುಪಾವತಿಯ ಕೆಲಸಕ್ಕಾಗಿ ಪ್ರತ್ಯೇಕ ಶುಲ್ಕ ವಿಧಿಸಕೂಡದೆಂದೂ ಅದು ವಿಧಿಸಿತು.

ಇಲ್ಲೊಂದು ಎಚ್ಚರಿಕೆಯ ಮಾತಿದೆ. ಟಿಕೆಟು ಮಾಡಿಸುವಾಗ ಪ್ರಯಾಣಿಕನ ದೂರವಾಣಿ ಸಂಖ್ಯೆಯ ಬದಲು ಏಜೆಂಟನ ಸಂಖ್ಯೆ ದಾಖಲಾದರೆ, ಹಾರಾಟ ರದ್ದಾದ ಸೂಚನೆ ಏಜೆಂಟನಿಗೆ ಹೋಗುತ್ತದೆ, ಪ್ರಯಾಣಿಕನಿಗಲ್ಲ. ತನ್ನನ್ನು ತಲಪುವ ವಿವರವನ್ನು ಸರಿಯಾಗಿ ಕೊಡದ ಪ್ರಯಾಣಿಕನಿಗೆ ಪರಿಹಾರಧನ ಸಲ್ಲದೆಂಬ ನಿಯಮವೂ ಇದೆ. ಒಂದು ಸಂಖ್ಯೆಯನ್ನು ಸರಿಯಾಗಿ ಬರೆಸುವುದು ಸಣ್ಣ ಕೆಲಸ. ಅದರ ಫಲ ಸಣ್ಣದಲ್ಲ.

ಸಂಸ್ಥೆಯೇ ರದ್ದುಪಡಿಸಿದಾಗ

ಇದುವರೆಗೆ ಹೇಳಿದುದು ಪ್ರಯಾಣಿಕನೇ ಹಿಂಜರಿದಾಗಿನ ಮಾತು. ಸಂಸ್ಥೆಯೇ ಹಾರಾಟವನ್ನು ನಿಲ್ಲಿಸಿದರೆ ಚಿತ್ರ ಬದಲಾಗುತ್ತದೆ. ಆಗ ಮಾತು ತಪ್ಪಿದವನು ಪ್ರಯಾಣಿಕನಲ್ಲ. ಆದುದರಿಂದ ರದ್ದತಿ ಶುಲ್ಕದ ಪ್ರಶ್ನೆಯೇ ಇಲ್ಲ. ಬೇರೊಂದು ಹಾರಾಟವನ್ನು ಒಪ್ಪುವುದೋ ಪೂರ್ಣ ಹಣವನ್ನು ಹಿಂಪಡೆಯುವುದೋ ಪ್ರಯಾಣಿಕನ ಆಯ್ಕೆ. ವಿಮಾನವು ಆರು ಗಂಟೆಗಳಿಗಿಂತ ಹೆಚ್ಚು ತಡವಾಗುವುದಾದರೂ ಇದೇ ಆಯ್ಕೆಯನ್ನು ಕೊಡಬೇಕು.

ಮರುಪಾವತಿ ಬೇರೆ, ಪರಿಹಾರ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮರುಪಾವತಿ ಎಂದರೆ ಕೊಟ್ಟ ಹಣ ಹಿಂದೆ ಬರುವುದು. ಪರಿಹಾರ ಎಂದರೆ ಪಟ್ಟ ತೊಂದರೆಗಾಗಿ ಅದರ ಮೇಲೆ ದೊರೆಯುವುದು. ಸಾಕಷ್ಟು ಮುಂಚಿತವಾಗಿ ತಿಳಿಸದೆ ಹಾರಾಟವನ್ನು ರದ್ದುಪಡಿಸಿದ ಸಂಸ್ಥೆಯು ಪರಿಹಾರ ಕೊಡಬೇಕೆಂದು 2016ರಲ್ಲಿ ಪರಿಷ್ಕೃತವಾದ ಮತ್ತೊಂದು ನಿಯಮವು ವಿಧಿಸಿತು. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಒಂದರಿಂದ ಎರಡು ಗಂಟೆಯದಕ್ಕೆ 7,500, ಎರಡು ಗಂಟೆ ಮೀರಿದುದಕ್ಕೆ 10,000 ರೂಪಾಯಿಗಳ ಮಿತಿಯನ್ನು ಅದು ಹಾಕಿತು. ಆ ಮಿತಿ ಮತ್ತು ಏಕಮುಖ ಪ್ರಯಾಣದ ಮೂಲದರ ಹಾಗೂ ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಮೆಯೋ ಅದು ಸಲ್ಲುತ್ತದೆ.

ಆದರೆ ಸಂಸ್ಥೆಯ ಕೈಮೀರಿದ ಅಸಾಧಾರಣ ಸಂದರ್ಭಗಳಲ್ಲಿ ಪರಿಹಾರವಿಲ್ಲ. ಬಜಪೆಯ ಓಡುದಾರಿಯು ಗುಡ್ಡದ ಮೇಲೆ ಮೇಜಿನಂತೆ ಹರಡಿದೆ, ಸುತ್ತಲೂ ಇಳಿಜಾರು. ಆಷಾಢದ ಜಡಿಮಳೆಯಲ್ಲಿ, ಮೋಡ ಮುಸುಕಿ ಓಡುದಾರಿ ಕಾಣದಾದಾಗ, ಮಂಗಳೂರಿಗೆ ಬಂದ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುವುದುಂಟು. ಅದೇ ವಿಮಾನವನ್ನು ಕಾದಿದ್ದ ಬೆಳ್ತಂಗಡಿಯ ಪ್ರಯಾಣಿಕನು ಆಗ ಬೇಸರಪಡುವುದು ಸಹಜ. ಆದರೆ ಹವೆಯು ಯಾರ ಅಪ್ಪಣೆಯನ್ನೂ ಕೇಳದು. ಜೀವಕ್ಕಿಂತ ಸಮಯ ದೊಡ್ಡದಲ್ಲ. ಅಲ್ಲಿ ಅವನು ಪರಿಹಾರವನ್ನು ಕೇಳಲಾರನು. ಆದರೆ ಹಾರಾಟ ರದ್ದಾದರೆ ಹಣವನ್ನು ಕೇಳುವ ಹಕ್ಕು ಆಗಲೂ ಉಳಿಯುತ್ತದೆ. ಮಳೆಯು ಪರಿಹಾರವನ್ನು ತಡೆಯಬಲ್ಲದು, ಮರುಪಾವತಿಯನ್ನು ತಡೆಯಲಾರದು.

2025ರ ಡಿಸೆಂಬರಿನಲ್ಲಿ ಇಡೀ ದೇಶವೇ ಈ ಪಾಠವನ್ನು ಕಲಿಯಬೇಕಾಯಿತು. ವಿಮಾನ ಚಾಲಕರ ದುಡಿಮೆ ಮತ್ತು ವಿಶ್ರಾಂತಿಯ ಅವಧಿಗಳನ್ನು ಕುರಿತ ಹೊಸ ನಿಯಮಗಳು ಜಾರಿಗೆ ಬಂದ ಬಳಿಕ ಇಂಡಿಗೊ ಸಂಸ್ಥೆಯ ಸಾವಿರಾರು ಹಾರಾಟಗಳು ಕೆಲವೇ ದಿನಗಳಲ್ಲಿ ರದ್ದಾದುವು. ಬಾಕಿಯಿದ್ದ ಮರುಪಾವತಿಯನ್ನೆಲ್ಲ ಡಿಸೆಂಬರ್ 7ರ ರಾತ್ರಿ 8 ಗಂಟೆಯೊಳಗೆ ಮುಗಿಸಬೇಕೆಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು ಆಜ್ಞಾಪಿಸಿತು. ಪ್ರಯಾಣವನ್ನು ಬೇರೆ ದಿನಕ್ಕೆ ಬದಲಾಯಿಸಿಕೊಂಡವರಿಂದ ಶುಲ್ಕ ವಸೂಲು ಮಾಡಬಾರದೆಂದೂ ಅದು ತಿಳಿಸಿತು.

ಹಣದ ಬದಲು ಮಾತು

2020ರ ಮಾರ್ಚ್ 25ರಿಂದ ಎರಡು ತಿಂಗಳ ಕಾಲ, ಕೊರೊನಾ ಸೋಂಕಿನ ಕಾರಣದಿಂದ ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತುವು. ಮೇ 25ರಂದು ಅವು ಮತ್ತೆ ಆರಂಭವಾದುವು. ಆ ಅವಧಿಯಲ್ಲಿ ಅನೇಕ ಸಂಸ್ಥೆಗಳು ಹಣವನ್ನು ಹಿಂದಿರುಗಿಸದೆ, ಅದನ್ನು ಪ್ರಯಾಣಿಕನ ಹೆಸರಿನಲ್ಲಿ ಜಮೆಯಾಗಿಟ್ಟು ಮುಂದೆಂದಾದರೂ ಪ್ರಯಾಣಕ್ಕೆ ಬಳಸಿಕೊಳ್ಳಿರೆಂದುವು. ಕೆಲಸ ಕಳೆದುಕೊಂಡು ಊರಿಗೆ ಮರಳಿದವನಿಗೆ ಬೇಕಾದುದು ಅಕ್ಕಿ ಕೊಳ್ಳಲು ಹಣವೇ ಹೊರತು ಮುಂದಿನ ವರ್ಷದ ಆಸನವಲ್ಲ. ವಿಷಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2020ರ ಅಕ್ಟೋಬರ್ 1ರಂದು ನ್ಯಾಯಾಲಯವು ತೀರ್ಪಿತ್ತು, ಲಾಕ್‌ಡೌನ್ ಅವಧಿಯಲ್ಲಿ, ಆ ಅವಧಿಯ ಪ್ರಯಾಣಕ್ಕಾಗಿ ಕೊಂಡ ಟಿಕೆಟುಗಳ ಹಣವನ್ನು ಪೂರ್ಣವಾಗಿ ಹಿಂದಿರುಗಿಸಬೇಕೆಂದಿತು. ಅದಕ್ಕೂ ಮೊದಲೇ ಕೊಂಡ ಟಿಕೆಟುಗಳ ಹಣವನ್ನು 15 ದಿನಗಳಲ್ಲಿ ಕೊಡಬೇಕು. ಸಂಕಷ್ಟದಿಂದ ಕೊಡಲಾಗದ ಸಂಸ್ಥೆಯು ಅದನ್ನು 2021ರ ಮಾರ್ಚ್ 31ರವರೆಗೆ ಜಮೆಯಾಗಿಡಬಹುದು, ಆದರೆ ತಿಂಗಳು ತಿಂಗಳೂ ಆ ಮೊತ್ತ ಬೆಳೆಯುವಂತೆ ಪ್ರತಿಫಲ ಸೇರಿಸಬೇಕು ಎಂದಿತು. ಸಾಮಾನ್ಯ ದಿನಗಳಲ್ಲಾದರೋ ಹಣ ಬೇಕೋ ಜಮೆ ಬೇಕೋ ಎಂಬ ಆಯ್ಕೆ ಪ್ರಯಾಣಿಕನದೇ ಎಂದು 2016ರ ನಿಯಮವೇ ಹೇಳಿತ್ತು.

ನಿಯಮಗಳಿಗೂ ಎಲ್ಲೆಯುಂಟು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಿನಲ್ಲಿ ಹಾರಾಟ ನಿಲ್ಲಿಸಿದುವು. ಸಂಸ್ಥೆಯೇ ದಿವಾಳಿಯಾದಾಗ ಟಿಕೆಟು ಹಿಡಿದವನು ಸಾಲಗಾರರಿಗಾಗಿ ಕಾದಿರುವ ಹಲವರ ಸಾಲಿನಲ್ಲಿ ಒಬ್ಬನಾಗುತ್ತಾನೆ. ಹಕ್ಕಿದ್ದರೂ ಹಣ ದೊರೆಯುವುದು ಕಷ್ಟ. ತೀರ ಮುಂಚಿತವಾಗಿ ಹಣ ಕೊಡುವವರು ಈ ಅಪಾಯವನ್ನೂ ಎಣಿಸಿಕೊಳ್ಳಬೇಕು.

ಕೇಳುವ ದಾರಿ

ಬರಬೇಕಾದುದು ಬಾರದಿದ್ದರೆ ಏನು ಮಾಡಬೇಕು? ಮೊದಲು ಸಂಸ್ಥೆಗೇ ಬರೆಯಬೇಕು. ದೂರಿನಲ್ಲಿ ಕೋಪದ ಮಾತು ಬೇಡ. ಟಿಕೆಟಿನ ಸಂಖ್ಯೆ, ದಿನಾಂಕ, ಕೊಟ್ಟ ಮೊತ್ತ, ಬರಬೇಕಾದ ಮೊತ್ತ, ಅದಕ್ಕೆ ಆಧಾರವಾದ ನಿಯಮ, ಇಷ್ಟಿದ್ದರೆ ಸಾಕು. ಟಿಕೆಟು, ರಸೀದಿ, ರದ್ದತಿಯ ಸೂಚನೆಗಳನ್ನು ಹರಿದೆಸೆಯದೆ ಕಾಪಿಡಬೇಕು. ಉತ್ತರ ಬಾರದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ 'ಏರ್‌ಸೇವಾ' ವ್ಯವಸ್ಥೆಗೂ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಡಬಹುದು.

ಕೊನೆಯ ಮೆಟ್ಟಿಲು ಗ್ರಾಹಕ ಆಯೋಗ. 1986ರ ಗ್ರಾಹಕ ರಕ್ಷಣಾ ಅಧಿನಿಯಮದ ಬದಲಿಗೆ ಬಂದ 2019ರ ಅಧಿನಿಯಮವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ಹಳ್ಳಿಯವರಿಗೆ ಬಹಳ ಅನುಕೂಲವಾದ ಒಂದು ಅಂಶವಿದೆ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ವಿಮಾನ ಸಂಸ್ಥೆಯ ಮುಖ್ಯ ಕಚೇರಿ ಎಷ್ಟೇ ದೂರದ ನಗರದಲ್ಲಿರಲಿ, ಬೆಳ್ತಂಗಡಿಯವನು ಮಂಗಳೂರಿನಲ್ಲೇ ನ್ಯಾಯ ಕೇಳಬಲ್ಲನು. ವ್ಯಾಜ್ಯಕ್ಕೆ ಕಾರಣ ಒದಗಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಸಣ್ಣ ಮೊತ್ತದ ದೂರುಗಳಿಗೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿರ್ಬಂಧವೂ ಇಲ್ಲ.

ಹಕ್ಕಿನೊಂದಿಗೆ ಹೊಣೆಯೂ ಇದೆ. ಹೋಗಲಾರೆನೆಂದು ತಿಳಿದ ಕೂಡಲೇ ಟಿಕೆಟನ್ನು ರದ್ದುಪಡಿಸುವುದು ಪ್ರಯಾಣಿಕನ ಕರ್ತವ್ಯ. ಅವನು ಬಿಟ್ಟುಕೊಟ್ಟ ಆ ಒಂದು ಆಸನ ಆಸ್ಪತ್ರೆಗೆ ಓಡಬೇಕಾದ ಇನ್ನೊಬ್ಬನಿಗೆ ಒದಗಬಹುದು. ಒಪ್ಪಿದ ಷರತ್ತಿನಂತೆ ಸಂಸ್ಥೆಗೆ ಸಲ್ಲತಕ್ಕುದನ್ನು ಗೊಣಗದೆ ಬಿಡುವುದು ನ್ಯಾಯ. ತನಗೆ ಸಲ್ಲತಕ್ಕುದನ್ನು ಅಳುಕದೆ ಕೇಳುವುದೂ ನ್ಯಾಯ. ಸಂತೆಯಲ್ಲಿ ಚಿಲ್ಲರೆಯನ್ನು ಎಣಿಸಿಕೊಳ್ಳುವವನನ್ನು ಯಾರೂ ಜಿಪುಣನೆನ್ನುವುದಿಲ್ಲ. ಸಾವಿರಾರು ರೂಪಾಯಿಗಳ ಟಿಕೆಟಿನ ಲೆಕ್ಕವನ್ನೂ ಹಾಗೆಯೇ ಎಣಿಸಿಕೊಳ್ಳುವ ಅಭ್ಯಾಸ ಬೆಳೆಯಬೇಕು. ಮನೆಯ ಹಿರಿಯರಿಗೆ ಸಣ್ಣ ಅಕ್ಷರದ ಷರತ್ತುಗಳನ್ನು ಓದಲು ಕಷ್ಟವಾದಾಗ, ಓದು ಕಲಿತ ಮಕ್ಕಳು ಪಕ್ಕದಲ್ಲಿ ಕುಳಿತು ಅವನ್ನು ಓದಿ ಹೇಳಿದರೆ ಅವರ ವಿದ್ಯೆ ಅಂದೇ ಸಾರ್ಥಕ.

ಅಭ್ಯಾಸ

1. ವಿಮಾನದ ಆಸನವನ್ನು ಅಡಕೆಗೆ ಹೋಲಿಸದೆ ಮಲ್ಲಿಗೆಗೆ ಹೋಲಿಸಲು ಕಾರಣವೇನು?
2. ಟಿಕೆಟಿನ ಹಣದ ಮೂರು ಪಾಲುಗಳು ಯಾವುವು? ಅವುಗಳಲ್ಲಿ ಯಾವುದು ಎಲ್ಲ ಸಂದರ್ಭಗಳಲ್ಲೂ ಹಿಂದಿರುಗಬೇಕು?
3. ಮರುಪಾವತಿಗೂ ಪರಿಹಾರಕ್ಕೂ ಇರುವ ವ್ಯತ್ಯಾಸವನ್ನು ಒಂದೊಂದು ಉದಾಹರಣೆಯೊಡನೆ ವಿವರಿಸಿರಿ.
4. 6,000 ರೂಪಾಯಿಗಳ ಟಿಕೆಟಿನಲ್ಲಿ ಮೂಲದರ ಮತ್ತು ಇಂಧನ ಶುಲ್ಕ 4,700 ರೂಪಾಯಿ, ಉಳಿದುದು ತೆರಿಗೆ ಮತ್ತು ನಿಲ್ದಾಣದ ಶುಲ್ಕ. ಸಂಸ್ಥೆಯ ಪಟ್ಟಿಯಲ್ಲಿ ರದ್ದತಿ ಶುಲ್ಕ 5,000 ರೂಪಾಯಿ ಎಂದಿದ್ದರೆ ಪ್ರಯಾಣಿಕನಿಗೆ ಎಷ್ಟು ಹಣ ಹಿಂದಿರುಗಬೇಕು?
5. ರದ್ದಾದ ಹಾರಾಟದ ಹಣವನ್ನು ಕೇಳಿ ವಿಮಾನಯಾನ ಸಂಸ್ಥೆಗೆ ಒಂದು ಪತ್ರ ಬರೆಯಿರಿ.